26 ಅಂಕಿಯ ಸಂಖ್ಯೆಯೊಂದನ್ನು ಪೆನ್ನು, ಹಾಳೆಯಲ್ಲೇ ಬಿಡಿಸುವುದು ಹೇಗೆ?

18947668177995426462773730

ಇದನ್ನು ಒಂದೇ ಉಸಿರಿಗೆ ಓದಲು ಹೋಗಬೇಡಿ. ಈ ಸಂಖ್ಯೆಗೂ ಬೆಂಗಳೂರಿಗೂ ಒಂದು ನಂಟಿದೆ. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ನಮ್ಮೂರಿನ ಶಕುಂತಲಾ ದೇವಿ ಅವರ ಮುಂದೆ 13 ಅಂಕಿಯ ಎರಡು ಸಂಖ್ಯೆಗಳನ್ನು ಇಟ್ಟರು. 7686369774870 ಒಂದು, 2465099745779 ಇನ್ನೊಂದು. ಅಲ್ಲಿನ ಕಂಪ್ಯೂಟರ್ ವಿಭಾಗದವರು ಮನಸ್ಸಿಗೆ ಬಂದಂತೆ ಆರಿಸಿದ ಸಂಖ್ಯೆಗಳವು. ಗುಣಿಸಿ ಹೇಳಿ ಅಂದರು. 28 ಸೆಕೆಂಡಿನಲ್ಲಿ ಉತ್ತರ ಬಂತು. ಮೇಲೆ ಬರೆದಿರುವುದು ಆ ಉತ್ತರವೇ. 1982ರ ಗಿನ್ನೆಸ್ ಪುಸ್ತಕದಲ್ಲೂ ಅದು ದಾಖಲಾಯಿತು.

ಅಕ್ಕನ ಮಗಳು ಎಂಟನೇ ಕ್ಲಾಸು. ಈ ಕಥೆ ಕೇಳಿ ಅವಳು ಬೆರಗಾಗಲಿಲ್ಲ. "ಮಾಮ, ಉತ್ತರ ಸರಿ ಅಂತ ನಿಮಗೆ ಹೇಗೆ ಗೊತ್ತು? ನೀವು ಗುಣಿಸಿ ನೋಡಿದ್ರಾ?" ಅಂದಳು. ನೋಡಿರಲಿಲ್ಲ. ಆ ಭಾನುವಾರ ಹನುಮಂತನಗರದ ಮನೆಯ ವರಾಂಡದಲ್ಲಿ ಕೂತು ಇಬ್ಬರೂ ಮಾಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕೂಡುವುದು, ಕಳೆಯುವುದು, ಮಗ್ಗಿ ಬಂದರೆ ಸಾಕು. ನೀವೂ ಮಾಡಬಹುದು.

ಕೆಲಸ ಎರಡಿದೆ. ಪೂರ್ತಿ ಗುಣಿಸದೆ ಉತ್ತರ ಸರಿಯಾ ಅಂತ ನೋಡುವುದು ಒಂದು. ಈ ಸಂಖ್ಯೆ ಯಾವ ಯಾವ ಸಂಖ್ಯೆಗಳಿಂದ ಕಟ್ಟಿದ್ದು ಅಂತ ಬಿಚ್ಚಿ ನೋಡುವುದು ಇನ್ನೊಂದು. 1 ಮತ್ತು ತನ್ನನ್ನು ಬಿಟ್ಟು ಬೇರೆ ಸಂಖ್ಯೆಯಿಂದಲೂ ಶೇಷವಿಲ್ಲದೆ ಭಾಗವಾದರೆ ಅದು ಸಂಯುಕ್ತ ಸಂಖ್ಯೆ. ಇಲ್ಲದಿದ್ದರೆ ಅವಿಭಾಜ್ಯ. ನಮ್ಮದು ಸೊನ್ನೆಯಲ್ಲಿ ಮುಗಿಯುತ್ತದೆ, ಹಾಗಾಗಿ ಸಂಯುಕ್ತ ಅನ್ನುವುದರಲ್ಲಿ ಅನುಮಾನವೇ ಇಲ್ಲ.

ಮೊದಲು ಮೊಬೈಲನ್ನು ಪಕ್ಕಕ್ಕಿಡಿ

ಸುಮ್ನೆ ಹೇಳುತ್ತಿಲ್ಲ. ಮೊಬೈಲಿನ ಸಾಮಾನ್ಯ ಕ್ಯಾಲ್ಕುಲೇಟರ್ ಇಷ್ಟು ದೊಡ್ಡ ಉತ್ತರವನ್ನು ಹೆಚ್ಚಾಗಿ ಮೊದಲ ಕೆಲವು ಅಂಕಿ ಮಾತ್ರ ತೋರಿಸಿ ಮುಗಿಸಿಬಿಡುತ್ತದೆ. ಸ್ಪ್ರೆಡ್‌ಶೀಟ್ ಇನ್ನೂ ಮೋಸ. ನಾನು ಈ ಸಂಖ್ಯೆಯನ್ನು ಅದರಲ್ಲಿ ಹಾಕಿದಾಗ ಮೊದಲ 15 ಅಂಕಿ ಮಾತ್ರ ಉಳಿಯಿತು. ಉಳಿದ 11 ಜಾಗಕ್ಕೂ ಸದ್ದಿಲ್ಲದೆ ಸೊನ್ನೆ ತುಂಬಿತು: 18947668177995400000000000. ಎಚ್ಚರಿಕೆಯ ಒಂದು ಮಾತೂ ಇಲ್ಲ. ನಾನು ಅದನ್ನೇ ನಂಬಿ 4ರಿಂದ ಭಾಗವಾಗುತ್ತೆ, 8ರಿಂದ ಆಗುತ್ತೆ ಅಂತ ಬರೆದುಕೊಂಡೂ ಬಿಟ್ಟಿದ್ದೆ.

ಅವೆನ್ಯೂ ರಸ್ತೆಯಲ್ಲಿ ಸಿಗುವ ಚೌಕಳಿ ಹಾಳೆಯ ಪುಸ್ತಕ ಇದಕ್ಕೆ ಹೇಳಿಮಾಡಿಸಿದ್ದು. ಒಂದು ಚೌಕಕ್ಕೆ ಒಂದೇ ಅಂಕಿ. 26 ಚೌಕ ತುಂಬಿದ ಮೇಲೆ ಬಲದಿಂದ ಎಡಕ್ಕೆ ಇನ್ನೊಮ್ಮೆ ಓದಿ ತಾಳೆ ನೋಡಿ. ಎಡದಿಂದಲೇ ಓದಿದರೆ ಕಣ್ಣು ಅಭ್ಯಾಸದ ಮೇಲೆ ಓಡಿಬಿಡುತ್ತದೆ, ತಪ್ಪು ಸಿಗುವುದಿಲ್ಲ.

ಇನ್ನು ಅಲ್ಪವಿರಾಮ ಎಲ್ಲಿ ಹಾಕಬೇಕು? ನಮ್ಮ ಲಕ್ಷ, ಕೋಟಿ ರೂಢಿಯಲ್ಲಿ 1,89,47,66,81,77,99,54,26,46,27,73,730 ಅಂತಾಗುತ್ತದೆ. ಓದಲು ಚೆಂದ, ಆದರೆ ಈ ಲೆಕ್ಕಕ್ಕೆ ಅಷ್ಟು ಉಪಯೋಗವಿಲ್ಲ. ಮುಂದಿನ ಪರೀಕ್ಷೆಗಳಿಗೆ ಎರಡು ಬಗೆಯ ಗುಂಪು ಬೇಕು. ಒಮ್ಮೆ ಬಲತುದಿಯಿಂದ ಎರಡೆರಡು ಅಂಕಿಯ ಜೋಡಿ, ಇನ್ನೊಮ್ಮೆ ಮೂರು ಮೂರು ಅಂಕಿಯ ಗುಂಪು. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದಿಟ್ಟುಕೊಳ್ಳಿ.

ಗಾತ್ರ ಮತ್ತು ಬಾಲ

7686369774870 ಅಂದರೆ ಸುಮಾರು 7.7 ಲಕ್ಷ ಕೋಟಿ. ಕರ್ನಾಟಕದ 2025–26ರ ಬಜೆಟ್ 4 ಲಕ್ಷ ಕೋಟಿ ರೂಪಾಯಿ ದಾಟಿತ್ತು ಅಂದರೆ ಅಂದಾಜು ಸಿಗುತ್ತದೆ. ಎರಡನೆಯದು ಸುಮಾರು 2.5 ಲಕ್ಷ ಕೋಟಿ. 7.7 × 2.5 ಅಂದರೆ 19ರ ಆಸುಪಾಸು. ಲಕ್ಷ ಕೋಟಿಗೆ 12 ಸೊನ್ನೆ, ಎರಡು ಸೇರಿ 24. ಹಾಗಾದರೆ ಉತ್ತರ 19ರ ಹತ್ತಿರದಲ್ಲಿ ಶುರುವಾಗಿ ಒಟ್ಟು 26 ಅಂಕಿ ಇರಬೇಕು. ಇದೆ.

ಬಾಲ ನೋಡಿ: 30. ಕೊನೆಯಲ್ಲಿ ಸೊನ್ನೆ ಇರುವುದರಿಂದ 2 ಮತ್ತು 5 ಎರಡೂ ಒಳಗಿವೆ. ಕೊನೆಯ ಎರಡಂಕಿ 30, ಅದು 4ರಿಂದಲೂ 25ರಿಂದಲೂ ಭಾಗವಾಗದು. ಹಾಗಾಗಿ 2 ಒಂದೇ ಸಲ, 5 ಒಂದೇ ಸಲ. ಇಷ್ಟರಲ್ಲೇ ಇನ್ನೊಂದು ಸಂಗತಿ ಪುಕ್ಕಟೆ ಸಿಕ್ಕಿತು. ಇದು ವರ್ಗಸಂಖ್ಯೆ ಅಲ್ಲವೇ ಅಲ್ಲ. ವರ್ಗವಾಗಿದ್ದರೆ ಪ್ರತಿ ಅವಿಭಾಜ್ಯ ಅಪವರ್ತನವೂ ಜೋಡಿ ಜೋಡಿಯಾಗಿ ಬರಬೇಕಿತ್ತು.

ಜೋಡಿ ಕೂಡಿ: ಒಂದು ಕೂಡುವಿಕೆಗೆ ಎರಡು ಉತ್ತರ

ಅಂಕಿಗಳನ್ನು ಕೂಡಿ 9ರ ಪರೀಕ್ಷೆ ಮಾಡುವುದು ಎಲ್ಲರಿಗೂ ಗೊತ್ತು. ಅದಕ್ಕಿಂತ ಜೋಡಿ ಕೂಡುವುದು ನನಗೆ ಇಷ್ಟ. 100ನ್ನು 99ರಿಂದ ಭಾಗಿಸಿದರೆ ಶೇಷ 1 ಅಲ್ವಾ? ಅದಕ್ಕೇ ಜೋಡಿಗಳನ್ನೆಲ್ಲ ಕೂಡಿದರೆ ಬರುವ ಮೊತ್ತಕ್ಕೂ ಮೂಲ ಸಂಖ್ಯೆಗೂ 99ರಿಂದ ಭಾಗಿಸಿದಾಗ ಶೇಷ ಒಂದೇ. 99 ಅಂದರೆ 9 × 11. ಒಂದೇ ಕೂಡುವಿಕೆಯಲ್ಲಿ 9 ಮತ್ತು 11 ಎರಡರ ಪರೀಕ್ಷೆಯೂ ಮುಗಿಯುತ್ತದೆ.

18 + 94 + 76 + 68 + 17 + 79 + 95 + 42 + 64 + 62 + 77 + 37 + 30 = 759

759 ಮತ್ತೆ 7 + 59, ಅಂದರೆ 66. ಇದು 11ರಿಂದ ಭಾಗವಾಗುತ್ತದೆ, 3ರಿಂದ ಭಾಗವಾಗುತ್ತದೆ, 9ರಿಂದ ಆಗುವುದಿಲ್ಲ. ನಮ್ಮ 26 ಅಂಕಿಯ ಸಂಖ್ಯೆಯೂ ಹಾಗೆಯೇ. 3 ಒಂದೇ ಸಲ ಇದೆ, 11 ಇದೆ.

ಇಲ್ಲಿ ಒಂದು ತಮಾಷೆ ನಡೆಯಿತು. ಅಕ್ಕನ ಮಗಳಿಗೆ 66 ಬರಲಿಲ್ಲ, 48 ಬಂತು. ಎರಡು ಸಲ ಕೂಡಿದಳು, ಮತ್ತೆ 48. ಬರಿ ಅಂಕಿಗಳನ್ನು ಕೂಡಿದರೆ ನನಗೂ 138, ಅವಳಿಗೂ 138. ಇಬ್ಬರೂ ತಲೆ ಕೆರೆದುಕೊಂಡೆವು. ಆಮೇಲೆ ಅವಳ ಹಾಳೆಯಲ್ಲಿ ಚೌಕಗಳ ಮೇಲೆ ಬೆರಳಿಟ್ಟು ಒಂದೊಂದೇ ನೋಡಿದಾಗ ಸಿಕ್ಕಿತು. 462 ಅನ್ನುವ ಕಡೆ 642 ಬರೆದಿದ್ದಳು. 64, 62 ಇರಬೇಕಾದ ಜಾಗದಲ್ಲಿ 66, 42 ಆಗಿತ್ತು.

ಪಕ್ಕದ ಎರಡು ಅಂಕಿ ಅದಲುಬದಲಾದರೆ ಅಂಕಿಗಳ ಮೊತ್ತ ಬದಲಾಗುವುದಿಲ್ಲ, ಹಾಗಾಗಿ 9ರ ಪರೀಕ್ಷೆಗೆ ಅದು ಕಾಣಿಸುವುದೇ ಇಲ್ಲ. 11ರ ಪರೀಕ್ಷೆ ಅದನ್ನು ತಪ್ಪದೆ ಹಿಡಿಯುತ್ತದೆ. ಅಕೌಂಟ್ಸ್ ಕೆಲಸದಲ್ಲಿರುವವರಿಗೆ ಈ ಜಾತಿಯ ತಪ್ಪು ಚೆನ್ನಾಗಿ ಗೊತ್ತು. ಲೆಕ್ಕ ತಾಳೆಯಾಗದೆ ವ್ಯತ್ಯಾಸ 9ರಿಂದ ಭಾಗವಾಗುವಂತೆ ಬಂದರೆ ಅವರು ಮೊದಲು ಅದಲುಬದಲಾದ ಅಂಕಿಯನ್ನೇ ಹುಡುಕುತ್ತಾರೆ.

ಮೂರು ಮೂರರ ಗುಂಪು: ಗುಣಾಕಾರ ಸರಿಯಾ?

ಈಗ ಅವಳ ಪ್ರಶ್ನೆಗೆ ಬರೋಣ. 1000ವನ್ನು 999ರಿಂದ ಭಾಗಿಸಿದರೆ ಶೇಷ 1. 1001ರಿಂದ ಭಾಗಿಸಿದರೆ 1000 ಅಂದರೆ ಒಂದು ಕಡಿಮೆ, ಅಂದರೆ ಶೇಷವನ್ನು −1 ಅಂದುಕೊಳ್ಳಬಹುದು. ಹಾಗಾಗಿ ಮೂರಂಕಿಯ ಗುಂಪುಗಳನ್ನು ಸುಮ್ನೆ ಕೂಡಿದರೆ 999ರ ಲೆಕ್ಕ. ಬಲದಿಂದ ಒಂದು ಕೂಡಿ ಒಂದು ಕಳೆಯುತ್ತ ಹೋದರೆ 1001ರ ಲೆಕ್ಕ.

ಮೊದಲ ಸಂಖ್ಯೆ 7, 686, 369, 774, 870. ಕೂಡಿದರೆ 2706. ಮತ್ತೆ 2 + 706, ಅಂದರೆ 708.
ಎರಡನೆಯದು 2, 465, 099, 745, 779. ಕೂಡಿದರೆ 2090, ಅಂದರೆ 92.
708 × 92 = 65136. ಅದನ್ನೂ ಗುಂಪು ಮಾಡಿ: 65 + 136 = 201.
ಉತ್ತರ 18, 947, 668, 177, 995, 426, 462, 773, 730. ಕೂಡಿದರೆ 5196. 5 + 196 = 201.

ಎರಡೂ ಕಡೆ 201. ಇನ್ನು 1001.

870 − 774 + 369 − 686 + 7 = −214.
779 − 745 + 99 − 465 + 2 = −330.
ಮೈನಸ್ಸಿಗೆ ಮೈನಸ್ ಹೋಯಿತು. 214 × 330 = 70620. ಗುಂಪು ಮಾಡಿದರೆ 620 − 70 = 550.
ಉತ್ತರದ ಕಡೆ 730 − 773 + 462 − 426 + 995 − 177 + 668 − 947 + 18 = 550.

ಇದನ್ನು ನೋಡಿದಾಗ ಅವಳು ಕುರ್ಚಿಯಿಂದ ಎದ್ದುಬಿಟ್ಟಳು. ನನಗೂ ಮೈ ಜುಮ್ಮೆಂದಿತು, ಒಪ್ಪಿಕೊಳ್ಳುತ್ತೇನೆ. ಎಲ್ಲಾದರೂ ತಪ್ಪಿದ್ದರೆ ಆ ತಪ್ಪಿನ ಮೊತ್ತ 999999ರಿಂದ ಸರಿಯಾಗಿ ಭಾಗವಾಗುವಂತಿದ್ದರೆ ಮಾತ್ರ ಈ ಎರಡೂ ಬಲೆಯಿಂದ ತಪ್ಪಿಸಿಕೊಳ್ಳಬಹುದು. ಮೊದಲೇ ಗಾತ್ರ ನೋಡಿದ್ದೇವೆ, ಬಾಲ ನೋಡಿದ್ದೇವೆ. ಇದಕ್ಕಿಂತ ಜಾಸ್ತಿ ಖಾತ್ರಿ ಬೇಕಾದವರು ಪೂರ್ತಿ ಗುಣಿಸಿಕೊಳ್ಳಿ. 13 ಸಾಲು ಬರೆಯಬೇಕು, ಅಷ್ಟೇ.

ಈಗ ಬಿಚ್ಚುವ ಕೆಲಸ

1001 = 7 × 11 × 13. ಹಾಗಾಗಿ 550 ಅನ್ನುವ ಒಂದು ಶೇಷ ಕೈಯಲ್ಲಿದ್ದರೆ ಮೂರು ಪರೀಕ್ಷೆ ಆದಂತೆ. 550ನ್ನು 7ರಿಂದ ಭಾಗಿಸಿದರೆ 4 ಉಳಿಯುತ್ತದೆ, 13ರಿಂದಲೂ 4 ಉಳಿಯುತ್ತದೆ, 11ರಿಂದ ಏನೂ ಉಳಿಯುವುದಿಲ್ಲ. 7 ಇಲ್ಲ, 13 ಇಲ್ಲ, 11 ಇದೆ. ಹಾಗೆಯೇ 999 = 27 × 37. 201ನ್ನು 37ರಿಂದ ಭಾಗಿಸಿದರೆ ಶೇಷ 16. 37ನ್ನೂ ಕೈಬಿಡಿ.

ಇಲ್ಲಿ ಹೊಸಬರು ಬೀಳುವ ಒಂದು ಗುಂಡಿ ಇದೆ. ಎರಡನೇ ಸಂಖ್ಯೆಯ ಶೇಷ −330 ಬಂತಲ್ಲ, 330 ಅಂದರೆ 10ರಿಂದ ಭಾಗವಾಗುತ್ತದೆ, ಹಾಗಾದರೆ ಆ ಸಂಖ್ಯೆಯೂ 10ರಿಂದ ಭಾಗವಾಗುತ್ತದಾ? ಇಲ್ಲ. ಅದು 9ರಲ್ಲಿ ಮುಗಿಯುತ್ತದೆ, ಕಣ್ಣೆದುರಿಗೇ ಇದೆ. 1001ರ ಶೇಷದಿಂದ 7, 11, 13ರ ಸುದ್ದಿ ಮಾತ್ರ ಕೇಳಬಹುದು. ಬೇರೆ ಸಂಖ್ಯೆಗಳ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ.

ನಮಗೊಂದು ಅನುಕೂಲ ಇದೆ. ಈ 26 ಅಂಕಿ ಹುಟ್ಟಿದ್ದು ಯಾವ ಎರಡು ಸಂಖ್ಯೆಗಳಿಂದ ಅಂತ ಗೊತ್ತು. ದೊಡ್ಡದನ್ನು ಬಿಟ್ಟು ಆ ಎರಡನ್ನೇ ಬಿಚ್ಚೋಣ. ಮೊದಲನೆಯದು 30ರಿಂದ ಭಾಗವಾಗುತ್ತದೆ, ಉಳಿಯುವುದು 256212325829. ಎರಡನೆಯದು 11ರಿಂದ ಭಾಗವಾಗುತ್ತದೆ, ಉಳಿಯುವುದು 224099976889. ಹೀಗಾಗಿ

18947668177995426462773730 = 2 × 3 × 5 × 11 × 256212325829 × 224099976889

ಮುಂದಿನ ಅವಿಭಾಜ್ಯಗಳಿಗೆ ಒಂದೇ ಮಂತ್ರ. 17ನ್ನು ತೆಗೆದುಕೊಳ್ಳಿ. 17 × 59 = 1003, ಹಾಗಾಗಿ 17ರ ಲೆಕ್ಕದಲ್ಲಿ ಸಾವಿರ ಅಂದರೆ −3. ಮೊದಲ ತುಂಡು 256, 212, 325, 829. ಎಡದಿಂದ ಶುರು ಮಾಡಿ. 256ರ ಶೇಷ 1. ಅದನ್ನು −3ರಿಂದ ಗುಣಿಸಿ 212 ಸೇರಿಸಿ: 209, ಶೇಷ 5. ಮತ್ತೆ −3ರಿಂದ ಗುಣಿಸಿ 325 ಸೇರಿಸಿ: 310, ಶೇಷ 4. ಇನ್ನೊಮ್ಮೆ ಗುಣಿಸಿ 829 ಸೇರಿಸಿ: 817, ಶೇಷ 1. ಸೊನ್ನೆ ಬರಲಿಲ್ಲ, 17 ಇಲ್ಲ. 12 ಅಂಕಿಯನ್ನು ಭಾಗಿಸುವ ಉದ್ದ ಲೆಕ್ಕ ಮಾಡದೆ, ನಾಲ್ಕು ಹೆಜ್ಜೆಗೆ ಮುಗಿಯಿತು. 19ಕ್ಕೆ ಸಾವಿರ ಅಂದರೆ 12, 23ಕ್ಕೆ 11, 29ಕ್ಕೆ 14, 31ಕ್ಕೆ 8. ಒಂದು ಪಟ್ಟಿ ಮಾಡಿಟ್ಟುಕೊಂಡರೆ ಬಸ್ಸಿನಲ್ಲಿ ನಿಂತುಕೊಂಡೂ ಮಾಡಬಹುದು. ನಾನು ಒಂದಿಷ್ಟನ್ನು ಹಾಗೇ ಮಾಡಿದೆ, ಸಿಗ್ನಲ್ಲಿಗೊಂದು ಅವಿಭಾಜ್ಯದಂತೆ.

100ರೊಳಗೆ 25 ಅವಿಭಾಜ್ಯಗಳಿವೆ. 2, 3, 5, 7, 11, 13, 37 ಆಗಲೇ ಆಯಿತು. ಉಳಿದ 18ರಲ್ಲಿ ಒಂದೂ ಈ ಎರಡು ತುಂಡುಗಳನ್ನು ಭಾಗಿಸುವುದಿಲ್ಲ. ಎರಡನೇ ತುಂಡಿಗೆ 23 ಹಾಕಿದರೆ ಶೇಷ 1, 29 ಹಾಕಿದರೆ ಶೇಷ 28. ಒಂದು ಕಡೆ ಒಂದು ಜಾಸ್ತಿ, ಇನ್ನೊಂದು ಕಡೆ ಒಂದು ಕಡಿಮೆ. ಆ ಸಂಜೆ ಹಲ್ಲು ಕಡಿಯುವಷ್ಟು ಸಿಟ್ಟು ಬಂದಿತ್ತು.

ಎರಡು ತುಂಡಿಗೂ ನೆಂಟಸ್ತಿಕೆ ಇದೆಯಾ?

ಎರಡು ತುಂಡುಗಳಿಗೂ ಸಾಮಾನ್ಯವಾದ ಅಪವರ್ತನ ಇದ್ದರೆ ಅದು ಎಷ್ಟೇ ದೊಡ್ಡದಿರಲಿ, ಹುಡುಕಲು ಎರಡು ಸಾವಿರ ವರ್ಷಕ್ಕೂ ಹಳೆಯ ಯೂಕ್ಲಿಡ್ ದಾರಿ ಇದೆ. ಹತ್ತನೇ ಕ್ಲಾಸಿನಲ್ಲಿ ಇದನ್ನು ಓದಿದವರಿಗೆ ಪರಿಚಯ ಇರುತ್ತದೆ. ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ. ಶೇಷದಿಂದ ಆ ಚಿಕ್ಕದನ್ನು ಭಾಗಿಸಿ. ಹೀಗೇ ಇಳಿಯುತ್ತ ಹೋಗಿ.

ಮೊದಲ ಶೇಷ 32112348940. ಎರಡನೆಯದು 31425883249. ಮೂರನೆಯದಕ್ಕೆ ಒಮ್ಮೆಲೇ 686465691ಕ್ಕೆ ಬೀಳುತ್ತದೆ. ಆಮೇಲೆ ನಿಧಾನಕ್ಕೆ ಇಳಿದು ಕೊನೆಯಲ್ಲಿ 657, 442, 215, 12, 11, 1. ಒಟ್ಟು 23 ಭಾಗಾಕಾರ. ಕೊನೆಗೆ 1 ಬಂದರೆ ಸಾಮಾನ್ಯ ಅಪವರ್ತನ ಯಾವುದೂ ಇಲ್ಲ ಅಂತ ಅರ್ಥ. ನಡುವೆ ಎಲ್ಲಾದರೂ ನಿಮಗೆ ಬೇರೆ ಶೇಷ ಬಂದರೆ ಅಲ್ಲಿಂದ ಹಿಂದಿನ ಸಾಲನ್ನು 99ರ ಜೋಡಿ ಲೆಕ್ಕದಿಂದ ತಾಳೆ ನೋಡಿ.

ಇಷ್ಟು ಗೊತ್ತಾದರೆ ಅಪವರ್ತನಗಳನ್ನು ಎಣಿಸಬಹುದು. 2, 3, 5, 11 ಒಂದೊಂದು ಸಲ ಇವೆ. ಪ್ರತಿಯೊಂದನ್ನೂ ತೆಗೆದುಕೊಳ್ಳಬಹುದು ಅಥವಾ ಬಿಡಬಹುದು, ಹಾಗಾಗಿ 2 × 2 × 2 × 2 = 16 ಬಗೆ. ಎರಡು ದೊಡ್ಡ ತುಂಡುಗಳನ್ನೂ ಹೀಗೇ ತೆಗೆದುಕೊಂಡರೆ 16 × 4 = 64. ಅಂದರೆ ಈ ಸಂಖ್ಯೆಗೆ ಕನಿಷ್ಠ 64 ಅಪವರ್ತನಗಳಿವೆ. ತುಂಡುಗಳು ಮತ್ತೆ ಒಡೆದರೆ ಎಣಿಕೆ ಇನ್ನೂ ಏರುತ್ತದೆ.

ಒಡೆಯದೆ ತಿಳಿಯುವ ಉಪಾಯ

256212325829 ಒಡೆಯುತ್ತದಾ ಅಂತ ಖಂಡಿತವಾಗಿ ಹೇಳಲು ಅದರ ವರ್ಗಮೂಲದವರೆಗಿನ ಅವಿಭಾಜ್ಯಗಳನ್ನೆಲ್ಲ ಹಾಕಿ ನೋಡಬಹುದು. ವರ್ಗಮೂಲ 506174ರ ಹತ್ತಿರ. 5 ಲಕ್ಷದೊಳಗೇ 41,538 ಅವಿಭಾಜ್ಯಗಳಿವೆ. ಬಸ್ಸು ಎಷ್ಟೇ ಸಿಗ್ನಲ್ಲಿನಲ್ಲಿ ನಿಂತರೂ ಮುಗಿಯದು.

ಆದರೆ ಒಂದು ಸಂಖ್ಯೆ ಸಂಯುಕ್ತ ಅಂತ ತಿಳಿಯಲು ಅದರ ಅಪವರ್ತನ ಸಿಗಲೇಬೇಕು ಅಂತಿಲ್ಲ. ಫ್ರೆಂಚ್ ಗಣಿತಜ್ಞ ಫರ್ಮಾ 17ನೇ ಶತಮಾನದಲ್ಲಿ ಕಂಡುಕೊಂಡ ನಿಯಮ ಇದೆ. ಸಂಖ್ಯೆ 2ಕ್ಕಿಂತ ದೊಡ್ಡ ಅವಿಭಾಜ್ಯವಾಗಿದ್ದರೆ, ಅದಕ್ಕಿಂತ ಒಂದು ಕಡಿಮೆ ಸಲ 2ನ್ನು ಗುಣಿಸಿ ಆ ಸಂಖ್ಯೆಯಿಂದಲೇ ಭಾಗಿಸಿದಾಗ ಶೇಷ 1 ಬರಲೇಬೇಕು. ಚಿಕ್ಕದರಲ್ಲಿ ನೋಡೋಣ. 91 ನೋಡಲು ಅವಿಭಾಜ್ಯದ ಹಾಗೇ ಕಾಣುತ್ತದೆ. 2ರ 12ನೇ ಘಾತ 4096, ಅದು 91 × 45 + 1. ಶೇಷ 1. ನಮಗೆ ಬೇಕಾದ್ದು 90ನೇ ಘಾತ. 90 ಅಂದರೆ 12ರ 7 ಪಟ್ಟು, ಮೇಲೆ 6. ಹಾಗಾಗಿ ಶೇಷ 2ರ 6ನೇ ಘಾತ, ಅಂದರೆ 64. 1 ಬರಲಿಲ್ಲ, 91 ಸಂಯುಕ್ತ. 7 × 13 ಅಂತ ಹುಡುಕುವ ಮೊದಲೇ ಗೊತ್ತಾಯಿತು.

ತಿರುಗುಮುರುಗಾಗಿ ಮಾತ್ರ ನಂಬಬೇಡಿ. 341 ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ, ಶೇಷ 1 ಬರುತ್ತದೆ. ಆದರೆ ಅದು 11 × 31. ಮೋಸವಿಲ್ಲದೆ, ಬೇಗನೆ, ಯಾವ ಸಂಖ್ಯೆಗಾದರೂ ಹೌದು ಅಥವಾ ಅಲ್ಲ ಅಂತ ಹೇಳುವ ದಾರಿಯನ್ನು 2002ರಲ್ಲಿ ಕಂಡುಹಿಡಿದವರು ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ. ಕಯಾಲ್ ಮುಂದೆ ಬೆಂಗಳೂರಿಗೇ ಬಂದು ಇಲ್ಲಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಕೆಲಸ ಮಾಡಿದರು.

ಗುಣಿಸುವುದು 28 ಸೆಕೆಂಡಿನ ಕೆಲಸ, ಬಿಚ್ಚುವುದು ಹಾಗಲ್ಲ. ಆರ್‌ಎಸ್‌ಎ ಅನ್ನುವ ಗುಪ್ತಲಿಪಿಯ ಬೀಗ ನಿಂತಿರುವುದೇ ಈ ವ್ಯತ್ಯಾಸದ ಮೇಲೆ. ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸಿ ಬಂದದ್ದನ್ನು ಎಲ್ಲರಿಗೂ ತೋರಿಸುತ್ತಾರೆ, ಆ ಎರಡನ್ನು ಮಾತ್ರ ಬಚ್ಚಿಡುತ್ತಾರೆ. 2020ರಲ್ಲಿ 250 ಅಂಕಿಯ ಇಂಥದ್ದೊಂದನ್ನು ಒಡೆದರು. ಒಂದೇ ಪ್ರೊಸೆಸರ್ ಕೋರ್ ಮೇಲೆ ಮಾಡಿದ್ದರೆ ಸುಮಾರು 2700 ವರ್ಷ ಹಿಡಿಯುವಷ್ಟು ಕೆಲಸ ಅದು. ಈಗ ಸಾಮಾನ್ಯವಾಗಿ ಬಳಸುವ 2048 ಬಿಟ್‌ನ ಬೀಗಕ್ಕೆ 617 ಅಂಕಿ.

ನಮ್ಮ 12 ಅಂಕಿಯ ತುಂಡುಗಳು ಅದರ ಮುಂದೆ ಕಡಲೆಬೀಜ. ಆತುರದವರು ಲಿನಕ್ಸ್ ಇರುವ ಕಂಪ್ಯೂಟರಿನ ಟರ್ಮಿನಲ್‌ನಲ್ಲಿ ಫ್ಯಾಕ್ಟರ್ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಜಾಗ ಬಿಟ್ಟು ಒಂದು ತುಂಡನ್ನು ಹಾಕಿ, ಎಂಟರ್ ಒತ್ತಿ. ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬರುತ್ತದೆ. ನಮ್ಮನೆಯಲ್ಲಿ ಅದಕ್ಕೆ ಅನುಮತಿ ಇಲ್ಲ. ಅಕ್ಕನ ಮಗಳು ಚೌಕಳಿ ಪುಸ್ತಕದ ಹಿಂದಿನ ಪುಟದಲ್ಲಿ ಅವಿಭಾಜ್ಯಗಳ ಪಟ್ಟಿ ಬರೆದು ಒಂದೊಂದನ್ನೇ ಹೊಡೆದುಹಾಕುತ್ತಿದ್ದಾಳೆ. 101 ಆಗಿದೆ, ಮೊದಲ ತುಂಡಿಗೆ ಶೇಷ 28, ಎರಡನೆಯದಕ್ಕೆ 37. ನೀವು 103ರಿಂದ ಶುರು ಮಾಡಿ. ಅದಕ್ಕೆ ಸಾವಿರ ಅಂದರೆ −30.